ಬಹುಮಹಡಿ ಕಟ್ಟಡಗಳ ಅಗ್ನಿಶಾಮಕ ವಾಲ್ವ್: ದರಪಟ್ಟಿಗೆ ನಿಲುಕದ ಲೆಕ್ಕ

ಬಹುಮಹಡಿ ಕಟ್ಟಡವೊಂದರ ಒಟ್ಟು ನಿರ್ಮಾಣ ವೆಚ್ಚದಲ್ಲಿ ಲ್ಯಾಂಡಿಂಗ್ ವಾಲ್ವ್‌ಗಳ ಪಾಲು ಅತ್ಯಲ್ಪ. ಮೆಟ್ಟಿಲುಗಳ ಪಕ್ಕದ ಕೆಂಪು ಪೆಟ್ಟಿಗೆಯ ಬಳಿ, ನೀರಿನ ರೈಸರ್‌ಗೆ ಜೋಡಿಸಿರುವ ಈ ಸಾಧನಕ್ಕೇ ಅಗ್ನಿಶಾಮಕ ಸಿಬ್ಬಂದಿ ತಮ್ಮ ಹೋಸ್ ಪೈಪನ್ನು ಸಿಕ್ಕಿಸಬೇಕು. ಆದರೂ ಅದರ ಖರೀದಿ ನಡೆಯುವ ಬಗೆ ಬಹುತೇಕ ಒಂದೇ. “63 ಮಿ.ಮೀ. ವಾಲ್ವ್, ಐಎಸ್‌ಐ ಗುರುತುಳ್ಳದ್ದು, ಸಂಖ್ಯೆ 60” ಎಂದು ಒಂದೇ ಸಾಲಿನ ಬೇಡಿಕೆ, ಮೂರು ದರಪಟ್ಟಿ, ಕನಿಷ್ಠ ದರದವರಿಗೆ ಆದೇಶ. ಐದಾರು ಮಹಡಿಗಳ ಕಟ್ಟಡಕ್ಕೆ ಈ ಕ್ರಮ ಸಾಕಾಗುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಎದ್ದಿರುವ ಮೂವತ್ತು ಮಹಡಿಗಳ ಗೋಪುರಗಳಿಗೆ ಇದು ಸಾಲದು. ಏಕೆಂದರೆ ಅಲ್ಲಿ ಬೇಕಾಗಿರುವುದು ಅರವತ್ತು ಒಂದೇ ಬಗೆಯ ವಾಲ್ವ್‌ಗಳಲ್ಲ.

ಲೆಕ್ಕ ಸರಳವಾಗಿದೆ. ನೀರನ್ನು ಪ್ರತಿ 10 ಮೀಟರ್ ಎತ್ತರಿಸಲು ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ವ್ಯಯವಾಗುತ್ತದೆ. 90 ಮೀಟರ್ ಎತ್ತರದ ಕಟ್ಟಡದ ತುತ್ತತುದಿಯಲ್ಲಿ 3.5 ಕೆ.ಜಿ. ಒತ್ತಡ ದೊರೆಯಬೇಕಾದರೆ, ನೆಲಮಟ್ಟದ ಪಂಪು ಎತ್ತರಕ್ಕಾಗಿ 9 ಕೆ.ಜಿ.ಯನ್ನೂ ಕೊಳವೆಯ ಘರ್ಷಣೆಗಾಗಿ ಇನ್ನಷ್ಟನ್ನೂ ಸೇರಿಸಿ 13 ಕೆ.ಜಿ.ಗೂ ಮಿಕ್ಕಿ ಒತ್ತಡ ನೀಡಬೇಕು. ಮೇಲಿನ ಮಹಡಿಗೆ ಸಾಕಷ್ಟು ಎನಿಸುವ ಈ ಏರ್ಪಾಟು ಕೆಳಗಿನ ಮಹಡಿಗಳಿಗೆ ಅಪಾಯಕಾರಿ. 20 ಮಿ.ಮೀ. ನಳಿಕೆಯ ತುದಿಯಲ್ಲಿ 7 ಕೆ.ಜಿ. ಒತ್ತಡವಿದ್ದರೆ ಅದನ್ನು ಹಿಡಿದವರನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 45 ಕೆ.ಜಿ.; 12 ಕೆ.ಜಿ. ಇದ್ದರೆ ಆ ಬಲ 75 ಕೆ.ಜಿ. ದಾಟುತ್ತದೆ. ತರಬೇತಾದ ಇಬ್ಬರಿಗೂ ಅದು ಹತೋಟಿಗೆ ಬಾರದು. ಕಾವಲುಗಾರನ ಅಥವಾ ನಿವಾಸಿಯ ಪಾಡೇನೆಂಬುದನ್ನು ಹೇಳಬೇಕಿಲ್ಲ.

ಆದ್ದರಿಂದ ಕೆಳಮಹಡಿಗಳಲ್ಲಿ ಒತ್ತಡ ತಗ್ಗಿಸುವುದು ಅನಿವಾರ್ಯ. ಆದರೆ ತಗ್ಗಿಸುವ ಸಾಧನವೇ ಮುಳುವಾದ ಉದಾಹರಣೆ ಅಗ್ನಿಶಾಮಕ ಇತಿಹಾಸದಲ್ಲಿ ದಾಖಲಾಗಿದೆ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದ 38 ಮಹಡಿಗಳ ಒನ್ ಮೆರಿಡಿಯನ್ ಪ್ಲಾಜಾದ 22ನೆಯ ಮಹಡಿಯಲ್ಲಿ ಬೆಂಕಿ ಹೊತ್ತಿಕೊಂಡಿತು. ಅಲ್ಲಿ ಒತ್ತಡ ನಿಯಂತ್ರಕ ವಾಲ್ವ್‌ಗಳೇನೋ ಇದ್ದವು; ಆದರೆ ಅವುಗಳನ್ನು ಅಗತ್ಯಕ್ಕಿಂತ ಕಡಿಮೆ ಒತ್ತಡಕ್ಕೆ ಹೊಂದಿಸಲಾಗಿತ್ತು. ಸಿಬ್ಬಂದಿಯ ನಳಿಕೆಗಳಿಗೆ ಪರಿಣಾಮಕಾರಿ ಧಾರೆ ಬರಲಿಲ್ಲ. ವಾಲ್ವ್ ಹೊಂದಿಸಲು ಬಲ್ಲ ತಂತ್ರಜ್ಞನೊಬ್ಬ ಸಲಕರಣೆಯೊಡನೆ ಬರುವ ವೇಳೆಗೆ ಹಲವು ಗಂಟೆಗಳು ಕಳೆದಿದ್ದವು. ಮೂವರು ಅಗ್ನಿಶಾಮಕರು ಪ್ರಾಣ ತೆತ್ತರು. ಬೆಂಕಿ ಕೊನೆಗೆ ನಿಂತದ್ದು 30ನೆಯ ಮಹಡಿಯಲ್ಲಿ, ಅಲ್ಲಿದ್ದ ಸ್ವಯಂಚಾಲಿತ ಸ್ಪ್ರಿಂಕ್ಲರ್‌ಗಳಿಂದ. ಇದರ ಬಳಿಕ 1993ರಲ್ಲಿ ಆ ದೇಶದ ಮಾನದಂಡವು ಹೋಸ್ ಹೊರದ್ವಾರದ ಕನಿಷ್ಠ ಒತ್ತಡವನ್ನು 65ರಿಂದ 100 ಪಿಎಸ್‌ಐಗೆ ಏರಿಸಿತು.

ಉತ್ತಮ ವಾಲ್ವ್ ಕೊಳ್ಳುವುದಷ್ಟೇ ಪರಿಹಾರವಲ್ಲ ಎಂಬುದು ಇದರಿಂದ ವಿದಿತವಾಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಆರಿಫೈಸ್ ಪ್ಲೇಟ್, ಅಂದರೆ ರಂಧ್ರವುಳ್ಳ ತಗಡು, ಅಗ್ಗವಾದುದು, ಕೆಡುವ ಭಾಗಗಳಿಲ್ಲದ್ದು. ಆದರೆ ಅದು ನೀರು ಹರಿಯುವಾಗ ಮಾತ್ರ ಒತ್ತಡ ತಗ್ಗಿಸುತ್ತದೆ. ನಳಿಕೆಯನ್ನು ಮುಚ್ಚಿದೊಡನೆ ಹೋಸ್‌ನ ಮೇಲೆ ರೈಸರಿನ ಪೂರ್ಣ ಒತ್ತಡ ಬೀಳುತ್ತದೆ. ಜೊತೆಗೆ ಐದನೆಯ ಮಹಡಿಗೆಂದು ಕೊರೆದ ತಗಡನ್ನು ಗುತ್ತಿಗೆದಾರನ ಆಳು ಇಪ್ಪತ್ತೈದನೆಯದಕ್ಕೆ ಕೂಡಿಸಿದರೆ ಹೊರಗಿನಿಂದ ಯಾರಿಗೂ ತಿಳಿಯದು. ಒತ್ತಡ ನಿಯಂತ್ರಕ ವಾಲ್ವ್ ಹರಿವಿದ್ದಾಗಲೂ ಇಲ್ಲದಾಗಲೂ ಒತ್ತಡವನ್ನು ಹಿಡಿದಿಡುತ್ತದೆ. ಆದರೆ ಅದನ್ನು ಮಹಡಿವಾರು ಹೊಂದಿಸಬೇಕು, ಕಾಲಕಾಲಕ್ಕೆ ಹರಿವಿನಿಂದಲೇ ಪರೀಕ್ಷಿಸಬೇಕು. ನಿರ್ವಹಣೆಯ ಶಿಸ್ತು ಇಲ್ಲದೆಡೆ ಅದು ಫಿಲಡೆಲ್ಫಿಯಾದ ಪಾಠವನ್ನು ಮರುಕಳಿಸೀತು. ಹೀಗಿರುವಾಗ ಅತಿ ಎತ್ತರದ ಕಟ್ಟಡಗಳಲ್ಲಿ ರೈಸರನ್ನೇ ಮೇಲಿನ ಮತ್ತು ಕೆಳಗಿನ ವಲಯಗಳಾಗಿ ವಿಭಜಿಸಿ, ಪ್ರತ್ಯೇಕ ಪಂಪುಗಳನ್ನಿಟ್ಟು, ವಾಲ್ವ್‌ಗಳನ್ನು ಆದಷ್ಟು ಸರಳವಾಗಿಡುವುದೇ ಲೇಸು. ಇದರ ಖರ್ಚು ಹೆಚ್ಚು. ನಕ್ಷೆಯ ಹಂತದಲ್ಲಿಯೇ ತೀರ್ಮಾನವಾಗಬೇಕು. ಗೋಡೆ ಎದ್ದಮೇಲೆ ಉಳಿಯುವುದು ತಗಡಿನ ಮಾರ್ಗವೊಂದೇ.

ಲೋಹದ ವಿಚಾರಕ್ಕೆ ಬಂದರೆ, ಭಾರತೀಯ ಮಾನಕ ಐಎಸ್ 5290 ಅನ್ವಯದ ಗನ್‌ಮೆಟಲ್ ವಾಲ್ವ್‌ಗಳು ಬಹುಕಾಲ ಬಾಳುತ್ತವೆ. ಗುಜರಿಯವರಿಗೂ ಅವು ಪ್ರಿಯವೆಂಬುದು ಬೇರೆ ಮಾತು. ಕಳವಿನ ಭಯಕ್ಕೆ ತೂಕ ಕಡಿಮೆಯ, ಗುರುತಿಲ್ಲದ ಸರಕನ್ನು ತರುವುದು ಕಳ್ಳನಿಗಿಂತ ಮೊದಲೇ ತಾನೇ ಕದ್ದಂತೆ. ಬೀಗವಿಲ್ಲದ ಆದರೆ ಕಾವಲಿನ ಕಣ್ಣಿಗೆ ಬೀಳುವ ಪೆಟ್ಟಿಗೆ, ತಿಂಗಳ ಎಣಿಕೆ, ಇವೇ ಸರಿಯಾದ ಉಪಾಯ. ಚಕ್ರ ಗೋಡೆಗೆ ತಾಗದೆ ಪೂರ್ತಿ ತಿರುಗುವುದೇ, ಹೋಸ್ ಮಡಚಿಕೊಳ್ಳದೆ ಹೊರಬರುವುದೇ ಎಂಬುದನ್ನು ಕೈಯಿಂದಲೇ ನೋಡಬೇಕು. ದಾಖಲೆಗಳಲ್ಲಿ ಇದು ಸಿಗುವುದಿಲ್ಲ.

ಅಡಚಣೆಯ ಮೂಲವಿರುವುದು ಹೊಣೆಯ ಹಂಚಿಕೆಯಲ್ಲಿ. ವಾಲ್ವ್ ಕೊಳ್ಳುವವನು ನಿರ್ಮಾಣಗಾರ. ನಿರ್ವಹಿಸುವುದು ನಿವಾಸಿಗಳ ಸಂಘ. ಬಳಸುವುದು ಅಗ್ನಿಶಾಮಕ ಇಲಾಖೆ. ಕೊಂಡವನು ಕೀಲಿಕೈ ಒಪ್ಪಿಸಿ ಹೊರಡುತ್ತಾನೆ. ಈ ಕಾರಣದಿಂದ ಹಸ್ತಾಂತರದ ದಿನ ತುತ್ತತುದಿಯ ಮತ್ತು ಕೆಳಗಿನ ಮಹಡಿಗಳ ವಾಲ್ವ್ ತೆರೆದು, ನೀರು ಹರಿಸಿ, ಮಾಪಕದ ಅಂಕಿಗಳನ್ನು ಮಹಡಿವಾರು ಬರೆದು ಉಭಯ ಪಕ್ಷಗಳೂ ಸಹಿ ಹಾಕುವುದನ್ನು ಗುತ್ತಿಗೆಯ ಷರತ್ತಾಗಿಸುವುದು ಅಪೇಕ್ಷಣೀಯ. ಅಂತಿಮ ಬಿಲ್ಲಿನ ಒಂದು ಭಾಗವನ್ನು ಆ ಹಾಳೆ ಕೈಸೇರುವವರೆಗೆ ತಡೆಹಿಡಿದರೆ, ಅರ್ಧ ದಿನದ ಈ ಕೆಲಸಕ್ಕೆ ಯಾವ ಗುತ್ತಿಗೆದಾರನೂ ಸಮಯವಿಲ್ಲವೆನ್ನಲಾರ.