ನೆಲದ ಗೆಲುವು ಆಗಸದಲ್ಲಿ ನಡೆಯದು
ಟಿವಿ ಗೋಪುರದ ಅಲೆಗಳನ್ನೇ ಬಳಸುವ ಪ್ಯಾಸಿವ್ ರೇಡಾರ್ ನೆಲದ ಮೇಲೆ ಗೆದ್ದಿದೆ, ವಿಮಾನಕ್ಕೆ ಜೋಡಿಸಿದರೆ ಮುಗಿಯಿತು ಎಂದು ಲೇಖನವೊಂದರಲ್ಲಿ ಲೇಖಕರು ಮಂಡಿಸಿದ ವಾದವನ್ನು ಒಪ್ಪಲಾರೆ. ಪ್ರಸಾರ ಕೇಂದ್ರದ ಅಲೆಗಳಿಂದ ವಿಮಾನವನ್ನು ಪತ್ತೆ ಮಾಡಿದ, ಅವರು ಉದಾಹರಿಸಿದ 1935ರ ಡ್ಯಾವೆಂಟ್ರಿ ಪ್ರಯೋಗದಲ್ಲಿ ರಿಸೀವರ್ ಹೊಲದಲ್ಲಿ ನಿಂತಿತ್ತು; ಹಾರುತ್ತಿದ್ದುದು ಹೇಫರ್ಡ್ ಬಾಂಬರ್ ಮಾತ್ರ. ರಿಸೀವರೇ ಹಾರಿದರೆ ಗುಡ್ಡ, ಕಟ್ಟಡಗಳೂ ಚಲಿಸುವಂತೆ ಕಾಣುತ್ತವೆ. ಲೆಕ್ಕ ಹಾಕಿ: 600 ಮೆಗಾಹರ್ಟ್ಸ್ ಸಿಗ್ನಲ್, ವಿಮಾನದ ವೇಗ ಸೆಕೆಂಡಿಗೆ 100 ಮೀಟರ್. ಚಲನೆಯಿಂದಾಗುವ ಆವರ್ತನ ಬದಲಾವಣೆಯಲ್ಲಿ (ಡಾಪ್ಲರ್) ನೆಲದ ಪ್ರತಿಧ್ವನಿ ಸೊನ್ನೆಯ ಎರಡೂ ಬದಿಗೆ 200 ಹರ್ಟ್ಸ್‌ವರೆಗೆ ಹರಡುತ್ತದೆ. ಗಂಟೆಗೆ 72 ಕಿ.ಮೀ. ಓಡುವ ಕಾರು ಸೇರಿಸುವುದು ಹೆಚ್ಚೆಂದರೆ 80 ಹರ್ಟ್ಸ್. ಅದು ಆ ಗದ್ದಲದಲ್ಲೇ ಹೂತುಹೋಗುತ್ತದೆ. ಎರಡು ಆಂಟೆನಾಗಳ ಸಿಗ್ನಲ್‌ಗಳನ್ನು ತಕ್ಕ ಅಂತರದಲ್ಲಿ ಕಳೆದರೆ ನೆಲ ಅಳಿಯುತ್ತದೆ, ನಿಜ. ಆದರೆ ಎರಡೂ ಚಾನೆಲ್‌ಗಳು ಕರಾರುವಾಕ್ಕಾಗಿ ಹೊಂದಬೇಕು, ಗೋಪುರದಿಂದ ನೇರ ಬರುವ ಪ್ರಬಲ ಸಿಗ್ನಲ್ ಅಡಗಬೇಕು. ವೇಗದ ಕಂಪ್ಯೂಟರ್ ಸಾಕು ಎನ್ನುವವರು ಮೊದಲು ಈ ಹೊಂದಾಣಿಕೆಯ ಪರೀಕ್ಷಾ ಹಾರಾಟಗಳಿಗೆ ಹಣ ಕೇಳಲಿ.