ಅಂತರಂಗಕ್ಕೊಂದು ಕದವಿರಲಿ

ಅಂತರಂಗ, ಬಹಿರಂಗ ಎಂಬೆರಡು ಪದಗಳು ವಚನಗಳ ಓದುಗರಿಗೆ ಚಿರಪರಿಚಿತ. ಇವೆರಡೂ ಶುದ್ಧವಾಗಿರಬೇಕೆಂಬುದು ಶರಣರ ಆಶಯ. ಇದನ್ನೇ ಮುಂದಿಟ್ಟುಕೊಂಡು ಕೆಲವರು, “ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ? ಯಾರು ನೋಡಿದರೇನು?” ಎಂದು ಕೇಳುವುದುಂಟು. ಮಾತು ಕೇಳಲು ಸೊಗಸು, ಆದರೆ ಸರಿಯಲ್ಲ. ಅಂತರಂಗವನ್ನು ಪರೀಕ್ಷಿಸುವ ಹೊಣೆಯನ್ನು ಶರಣರು ಅವರವರ ಅರಿವಿಗೆ ಒಪ್ಪಿಸಿದರೇ ಹೊರತು ಅರಸನ ಗೂಢಚಾರರಿಗಲ್ಲ. ಹೊರಗಿನ ಕಣ್ಣಿಗೆ ಅಂಜಿ ನಡೆಯುವವನು ನಟಿಸುತ್ತಾನೆ. ಒಳಗಿನ ಸಾಕ್ಷಿಗೆ ಅಂಜುವವನು ತನ್ನನ್ನು ತಿದ್ದಿಕೊಳ್ಳುತ್ತಾನೆ.

ಈ ವಿವೇಕಕ್ಕೆ ಕಾನೂನಿನ ಬಲ ದೊರೆತದ್ದು ಕನ್ನಡ ನಾಡಿನ ಹಿರಿಯರೊಬ್ಬರ ಪ್ರಯತ್ನದಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೊರೆಹೋದರು. ಸಂಸತ್ತು ಕಾನೂನು ಮಾಡುವ ಮೊದಲೇ ಜನರ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಸಂಗ್ರಹಿಸಲಾಗುತ್ತಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಆ ವಾದವನ್ನು ಒಮ್ಮತದಿಂದ ತಳ್ಳಿಹಾಕಿ, ಖಾಸಗಿತನವು ಸಂವಿಧಾನದ 21ನೆಯ ವಿಧಿಯಲ್ಲಿರುವ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. 2018ರ ಇನ್ನೊಂದು ತೀರ್ಪಿನಲ್ಲಿ ಆಧಾರ್ ಉಳಿಯಿತು. ಆದರೆ ಖಾಸಗಿ ಕಂಪನಿಗಳು ಅದನ್ನು ಕಡ್ಡಾಯಗೊಳಿಸುವುದಕ್ಕೆ ತಡೆ ಬಿದ್ದಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಮೇಡ್ಲೇರಿಯಂತಹ ಊರಿಗೆ ಇದು ದೆಹಲಿಯ ದೂರದ ವಿಚಾರವಲ್ಲ. ಪಡಿತರಕ್ಕೆ ಹೆಬ್ಬೆಟ್ಟು, ಸಿಮ್ ಕಾರ್ಡಿಗೆ ಗುರುತಿನ ಪತ್ರ, ಸಾಲ ಕೊಡುವ ಆ್ಯಪ್‌ಗೆ ಮೊಬೈಲಿನಲ್ಲಿರುವ ಬಂಧುಮಿತ್ರರೆಲ್ಲರ ನಂಬರು: ಹೀಗೆ ಕೊಡುವುದು ನಿತ್ಯದ ರೂಢಿಯಾಗಿದೆ. 2023ರಲ್ಲಿ ಕರ್ನಾಟಕದಲ್ಲಿಯೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಬ್ಯಾಂಕ್ ಖಾತೆಗಳಿಂದ ಹಣ ತೆಗೆದ ಬಗ್ಗೆ ದೂರುಗಳು ಬಂದವು. ಹಣ ಕಳೆದುಕೊಂಡವರು ಮಾಡಿದ ತಪ್ಪೇನು? ಬೀಗದ ಕೈ ಕಳೆದರೆ ಬೀಗ ಬದಲಿಸಬಹುದು; ಬೆರಳಚ್ಚು ಕಳುವಾದರೆ ಬೆರಳನ್ನು ಬದಲಿಸಲಾದೀತೇ?

ಆದುದರಿಂದ ಏತಕ್ಕೆ ಬೇಕು, ಎಲ್ಲಿ ಇಡುತ್ತಾರೆ, ಎಷ್ಟು ದಿನ ಇಡುತ್ತಾರೆ ಎಂದು ಕೇಳುವುದು ಉದ್ಧಟತನವಲ್ಲ, ನಾಗರಿಕನ ಕರ್ತವ್ಯ. ಆಧಾರ್‌ನ ಬಯೋಮೆಟ್ರಿಕ್ ಗುರುತನ್ನು ಲಾಕ್ ಮಾಡಿಡುವ ಸೌಲಭ್ಯವಿದೆ. ಓದುಬರಹ ಬಲ್ಲ ಮಕ್ಕಳು ಮನೆಯ ಹಿರಿಯರಿಗೆ ಅದನ್ನು ಮಾಡಿಕೊಡಬೇಕು. ಪರರ ಫೋಟೋವನ್ನೂ ಮನೆಯ ಮಾತನ್ನೂ ಅವರನ್ನು ಕೇಳದೆ ವಾಟ್ಸಾಪ್‌ನಲ್ಲಿ ಹಂಚುವ ಮುನ್ನ ಪ್ರತಿಯೊಬ್ಬರೂ ತಮ್ಮ ಕೈಯನ್ನು ತಡೆದುಕೊಳ್ಳಬೇಕು. ತನ್ನ ಕದಕ್ಕೆ ಗೌರವ ಬಯಸುವವನು ನೆರೆಯವನ ಕದವನ್ನು ತಟ್ಟದೆ ಒಳಹೋಗಬಾರದು.