ದೋಣಿಗಾದ ಗಾಯ

ಪರರ ವಸ್ತುವಿಗೆ ನಮ್ಮ ಕೈಯಿಂದ ಊನವೊದಗಿದಾಗ ಎರಡು ಬುದ್ಧಿಗಳು ಒಟ್ಟಿಗೆ ಹುಟ್ಟುತ್ತವೆ: ಒಪ್ಪಿಕೊಳ್ಳುವ ಬುದ್ಧಿ, ಮುಚ್ಚಿಡುವ ಬುದ್ಧಿ. ಕಳೆದ ದಸರಾ ರಜೆಯಲ್ಲಿ ನನಗೆ ಮೊದಲು ಹುಟ್ಟಿದ್ದು ಎರಡನೆಯದು.

ನಮ್ಮ ಮಾವನವರ ಮನೆ ಗಂಗೊಳ್ಳಿಯ ಹೊಳೆದಂಡೆಯಲ್ಲಿದೆ. ಅವರದೊಂದು ಚಿಕ್ಕ ಮರದ ದೋಣಿ. ಅದರ ಮೇಲಂಚಿಗೆ ಹೊರಗಡೆಯಿಂದ ಸಾಗುವಾನಿಯ ಪಟ್ಟಿಯನ್ನು ಅವರೇ ಕೂರಿಸಿ, ವಾರ್ನಿಷ್ ಬಳಿದು, ಕನ್ನಡಿಯಂತೆ ಕಾಪಾಡಿಕೊಂಡಿದ್ದರು. ಈಗ ಅವರ ಬಲಗೈಗೆ ನಡುಕ ಬಂದಿದೆ. ಅಂಥ ಪಟ್ಟಿಯನ್ನು ಇನ್ನೊಮ್ಮೆ ಕೂರಿಸಲು ಅವರಿಂದಾಗದು. ಅವರು ಎಂಟು ದಿನದ ಮಟ್ಟಿಗೆ ಹಿರಿಯ ಮಗಳ ಮನೆಗೆ ಹೋಗಿದ್ದಾಗ, ಮಕ್ಕಳ ಹಟಕ್ಕೆ ಸೋತು ದೋಣಿಯನ್ನು ನೀರಿಗಿಳಿಸಿದೆ. ಹಿಂದಿರುಗುವಾಗ ಅದು ಕಲ್ಲುಮೆಟ್ಟಿಲಿಗೆ ಬಡಿಯಿತು. ಪಟ್ಟಿಯಲ್ಲಿ ಹೆಬ್ಬೆಟ್ಟಿನಷ್ಟು ನೆಗ್ಗು. ಅಲ್ಲಿಂದ ಗೇಣುದೂರದಲ್ಲಿ ಒಂದು ಚಕ್ಕೆಯೇ ಎದ್ದು ನೀರುಪಾಲಾಗಿತ್ತು.

ದೋಣಿಯನ್ನು ದಡಕ್ಕೆಳೆದು, ಎರಡಕ್ಕೂ ಪುಟ್ಟಿ ಮೆತ್ತಲು ಕುಳಿತೆ. ಪಕ್ಕದ ಮನೆಯ ಆಚಾರಿಗಳು ಬೇಲಿಯಾಚೆಯಿಂದ ನೋಡಿ ನಕ್ಕರು.

“ಮಾಷ್ಟ್ರೇ, ಬಾವಿಗೂ ಗಾಯಕ್ಕೂ ಒಂದೇ ಮದ್ದೇ? ನೆಗ್ಗಿದ ಕಡೆ ಮರ ಎಲ್ಲಿಗೂ ಹೋಗಿಲ್ಲ, ಅಲ್ಲೇ ಅಡಗಿದೆ. ಚಕ್ಕೆ ಎದ್ದ ಕಡೆ ಮರವೇ ಇಲ್ಲ.”

ವ್ಯಾಕರಣದಲ್ಲಿ ಆಗಮಕ್ಕೂ ಲೋಪಕ್ಕೂ ಇರುವ ಭೇದವನ್ನು ವರ್ಷವರ್ಷವೂ ಪಾಠ ಹೇಳುವ ನನಗೆ ಈ ಭೇದ ಹೊಳೆದಿರಲಿಲ್ಲ! ಪೆಟ್ಟಿಗೆ ಮರದ ನಾರುಗಳು ತುಂಡಾಗದೆ ಬರಿದೆ ಅದುಮಿಕೊಂಡಿದ್ದರೆ, ನೀರು ಮತ್ತು ಶಾಖ ಅವನ್ನು ಮೆದುಗೊಳಿಸಿ ಮತ್ತೆ ಉಬ್ಬಿಸುತ್ತವೆ. ಅವರೆಂದಂತೆ ನೆಗ್ಗಿನ ಮೇಲಿನ ವಾರ್ನಿಷನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದೆ. ಅದಿದ್ದರೆ ನೀರು ಒಳಗಿಳಿಯದು. ನಾಲ್ಕು ಮಡಿಕೆಯ ಒದ್ದೆ ಹತ್ತಿಬಟ್ಟೆಯನ್ನಿಟ್ಟು, ಕಾದ ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಕೆಲವೇ ಕ್ಷಣ ಒತ್ತಿದೆ. ಆವಿ ಬುಸ್ಸೆಂದಿತು. ಬಟ್ಟೆ ಒಣಗಲು ಬಿಡದೆ ಮತ್ತೆ ನೆನೆಸಿ ಒತ್ತಿದೆ. ನಾಲ್ಕನೆಯ ಸಲಕ್ಕೆ ನೆಗ್ಗು ಸಮವಾಗಿತ್ತು! ಎರಡು ದಿನ ಒಣಗಿಸಿ, ಎಳೆಯ ಜಾಡಿನಲ್ಲಿಯೇ, ಮೊದಲು 120ರ, ಬಳಿಕ 220ರ ಉಪ್ಪುಕಾಗದದಿಂದ ನಯಗೊಳಿಸಿದೆ. ಮನೆಯ ತೇಗದ ಬಾಗಿಲಿಗೂ ಮೇಜಿಗೂ ಇದೇ ಉಪಾಯ ಸಲ್ಲುತ್ತದೆ.

ಚಕ್ಕೆಯದು ಬೇರೆ ಕಥೆ. ಎದ್ದ ತುಂಡು ಕೈಗೆ ಸಿಕ್ಕಿದ್ದರೆ ಅದನ್ನೇ ಅಂಟಿಸಬಹುದಿತ್ತು. ಸೂಜಿಮೊನೆಯಷ್ಟು ಕುಳಿಯಾಗಿದ್ದರೆ ಎಪಾಕ್ಸಿ ಅಂಟಿಗೆ ತೇಗದ ನುಣ್ಣನೆಯ ಹುಡಿ ಬೆರೆಸಿ ತುಂಬಿದರೆ ಸಾಕಿತ್ತು. ಇದು ಎರಡು ಬೆರಳಗಲ. ಆಚಾರಿಗಳು ಉಳಿಯಿಂದ ಆ ಜಾಗವನ್ನು ಉದ್ದನೆಯ ವಜ್ರಾಕಾರವಾಗಿ ಕೊರೆದರು. ಓರೆಯಾದ ಅಂಚಿನಲ್ಲಿ ಅಂಟಿಗೆ ಹೆಚ್ಚು ಹಿಡಿತ. ಕಣ್ಣಿಗೂ ಬೇಗ ಬೀಳದು. ಎಳೆಯ ದಿಕ್ಕು ಹೊಂದುವಂತೆ ತೇಗದ ತುಂಡೊಂದನ್ನು ಸ್ವಲ್ಪ ದಪ್ಪವಾಗಿಯೇ ಕೆತ್ತಿದರು. ತೇಗದ ಮೈಯಲ್ಲಿ ಎಣ್ಣೆಯಿರುವುದರಿಂದ ಎರಡು ಮೈಗಳನ್ನೂ ಅಸಿಟೋನಿನಿಂದ ಒರೆಸಿ, ಎಪಾಕ್ಸಿ ಹಚ್ಚಿ, ಹಗ್ಗ ಸುತ್ತಿ ಬಿಟ್ಟರು. ಮರುದಿನ ಕೀಸುಳಿ ಸಮಮಾಡಿತು.

“ಇಷ್ಟು ಸಣ್ಣದಕ್ಕೆ ಇಷ್ಟು ಶ್ರಮವೇ?” ಎಂದೆ.

“ಬತ್ತಲೆ ಮರದ ಮೂಲಕ ನೀರು ವಾರ್ನಿಷಿನ ಅಡಿಗೆ ನುಸುಳುತ್ತದೆ. ತೇಗ ಕಪ್ಪಾಗುತ್ತದೆ, ಅದರ ಕೆಳಗಿನ ಮೆದುಮರ ಕೊಳೆಯುತ್ತದೆ. ಅದಕ್ಕೂ ಸಮುದ್ರದ ನೀರಿಗಿಂತ ಮಳೆನೀರೇ ಹೆಚ್ಚು ಹಗೆ.” ನಿಜವೇ, ಮರ ಕೊಳೆಸುವ ಶಿಲೀಂಧ್ರಗಳಿಗೆ ಉಪ್ಪು ಒಗ್ಗದು.

ಎಪಾಕ್ಸಿ ಬಿಸಿಲು ತಾಳದಾದ್ದರಿಂದ, ಬಿಸಿಲು ತಡೆಯುವ ವಾರ್ನಿಷನ್ನು ಮೊದಲು ತೆಳ್ಳಗೆ, ಆಮೇಲೆ ಸಾಧಾರಣ ದಪ್ಪಕ್ಕೆ, ನಡುನಡುವೆ ಲಘುವಾಗಿ ಉಜ್ಜುತ್ತ ಬಳಿದೆ. ಮೂರು ಲೇಪ ಮುಗಿಯುವಷ್ಟರಲ್ಲಿ ಮಾವನವರು ಬಂದರು.

ಅವರು ನೇರವಾಗಿ ದೋಣಿಯ ಬಳಿಗೆ ಹೋಗಿ, ನಡುಗುವ ಬೆರಳನ್ನು ಪಟ್ಟಿಯುದ್ದಕ್ಕೂ ಆಡಿಸಿದರು. ಬೆರಳು ಒಂದೆಡೆ ನಿಂತಿತು.

“ಇದು ಹೊಸ ಮರ.”

ನನ್ನ ಗಂಟಲು ಒಣಗಿತು. ನಡೆದುದನ್ನೆಲ್ಲ ಹೇಳಿದೆ, ನೆಗ್ಗಿನ ಸಂಗತಿಯನ್ನೂ ಬಿಡಲಿಲ್ಲ. ಅವರು ಮತ್ತೊಮ್ಮೆ ಬೆರಳಾಡಿಸಿದರು.

“ನೆಗ್ಗಿದ್ದು ಎಲ್ಲಿ?”

ತೋರಿಸಲು ಹೋದೆ, ನನಗೂ ಸಿಕ್ಕಲಿಲ್ಲ. ಮಾವನವರ ಮುಖದಲ್ಲಿ ನಗು ಮೂಡಿತು. ಕುಂಚವನ್ನೆತ್ತಿ ನನ್ನ ಕೈಗಿತ್ತರು.

“ಮೂರು ಲೇಪ ಸಾಲದು, ಅಳಿಯಂದಿರೇ. ಇನ್ನೂ ಮೂರು ಬೇಕು. ನಾನು ಹೇಳುತ್ತೇನೆ, ನೀವು ಬಳಿಯಿರಿ.”